ಪಡಸಾಲೆಯಲ್ಲಿ ಓಡಿದ ಎಂಜಿನ್ನು

ನಮ್ಮಪ್ಪ ಕೊಟ್ಟೂರು ಸ್ಟೇಷನ್ನಿನಲ್ಲಿ ಎಂಜಿನ್ನಿನ ಬೂದಿ ಬಳಿಯುವ ಕೆಲಸದಲ್ಲಿದ್ದ. ಹೊಸಪೇಟೆಯಿಂದ ಬಂದ ರೈಲು ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಹಳಿ ಇರಲಿಲ್ಲ. ಎಂಜಿನ್ನು ನಿಂತ ಮೇಲೆ ಅಪ್ಪ ಅದರ ಕೆಳಗಿನ ಗುಂಡಿಗಿಳಿದು ಕೆಂಡ, ಬೂದಿ ಎಲ್ಲ ಎಳೆದು ಹಾಕಬೇಕಿತ್ತು. ಅವನ ಮೊಣಕೈಯಿಂದ ಕೆಳಗೆ ಕೂದಲೇ ಬೆಳೆಯುತ್ತಿರಲಿಲ್ಲ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸರ್ಕಾರಿ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಒಂದು ಆಟದ ಉಗಿ ಎಂಜಿನ್ನನ್ನು ಮನೆಗೆ ತಂದೆ. ಅಪ್ಪ ಅದನ್ನು ಮುಟ್ಟಲೂ ಇಲ್ಲ.

“ಆ ಬೂದಿ ಬಳದು ನಿನ್ನ ಓದಿಸೀನಿ. ನೀ ತಿರುಗಿ ಅದನ್ನ ತಂದು ಮನಿಯಾಗ ಇಟ್ಟಿ,” ಎಂದ.

ಆಟದ್ದು ಎಂದೆನಾದರೂ ಅದು ನಿಜವಾದ ಎಂಜಿನ್ನೇ. ಹೊಸಪೇಟೆಯ ಗುಜರಿಯೊಂದರಲ್ಲಿ ಮುರುಕು ಬೀಗಗಳ ಗುಡ್ಡೆಯೊಳಗೆ ಸಿಕ್ಕಿತ್ತು. ಗೇಣುದ್ದದ ಹಿತ್ತಾಳೆ ಬಾಯ್ಲರ್, ಅದರ ಕೆಳಗೆ ಸ್ಪಿರಿಟ್ ದೀಪ ಇಡುವ ತಟ್ಟೆ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಸಿಲಿಂಡರು. ಯಾವುದೋ ಗಣಿ ಸಾಹೇಬನ ಮನೆಯದಿರಬೇಕು. ತೊಳೆದು, ಎಣ್ಣೆ ಹಾಕಿ, ನೀರು ತುಂಬಿ ದೀಪ ಹಚ್ಚಿದೆ. ಎಷ್ಟೋ ಹೊತ್ತಿನ ಮೇಲೆ ಅದು ಕೆಮ್ಮಿದಂತೆ ಸದ್ದು ಮಾಡಿ ನೆಲದ ಮೇಲೆ ಒಂದು ಗೇಣು ಮುಂದಕ್ಕೆ ಹೋಯಿತು. ಆ ಒಂದು ಗೇಣಿನಲ್ಲಿ ನಾನು ಸಿಕ್ಕಿಬಿದ್ದೆ.

ಆಮೇಲೆ ರಜೆ ಬಂದರೆ ಗುಜರಿ ಅಂಗಡಿಗಳನ್ನು ಸುತ್ತುವುದೇ ಆಯಿತು. ಕೈಗೆ ಬಂದ ಎಂಜಿನ್ನನ್ನು ಬಂದ ಹಾಗೆಯೇ ಇಡುವುದು ನನ್ನ ಸ್ವಭಾವವಲ್ಲ. ಅದನ್ನು ನಮ್ಮ ಕೊಟ್ಟೂರು ರೈಲಿನ ಎಂಜಿನ್ನಿನ ಹಾಗೆ ಮಾಡಬೇಕು. ಚಿಮಣಿ ಕತ್ತರಿಸಿ ಮೋಟು ಮಾಡುತ್ತಿದ್ದೆ, ಟಾರ್ಚಿನ ಕೊಳವೆಯಿಂದ ಹೊಸದು ಕೂಡಿಸುತ್ತಿದ್ದೆ, ಡ್ರೈವರ್ ನಿಲ್ಲುವ ಗೂಡಿಗೆ ಬಿಸ್ಕತ್ ಡಬ್ಬಿಯ ತಗಡು ಬಳಸುತ್ತಿದ್ದೆ, ಹಿಂದೆ ಕಲ್ಲಿದ್ದಲ ಪೆಟ್ಟಿಗೆ ಜೋಡಿಸುತ್ತಿದ್ದೆ. ಮಾಡಿ ಮುಗಿಸಿದ್ದನ್ನು ಮನೆಯಲ್ಲಿ ಬುದ್ಧನ ಪಟದ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆ.

ದಿನಾ ಕೆಲಸಕ್ಕೆ ಹೋಗುವ ರೈಲಿನಲ್ಲಿ ಒಂದು ದಿನ ಸಣ್ಣ ಗಾಲಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಅರದಿಂದ ಉಜ್ಜುತ್ತ ಕೂತಿದ್ದೆ. ಎದುರಿನ ಸೀಟಿನವ ಬಗ್ಗಿ ನೋಡಿದ. ಕೊಟ್ಟೂರಿನಲ್ಲಿ ಶೇಂಗಾ ಎಣ್ಣೆಯ ಗಿರಣಿ, ಬಟ್ಟೆ ಅಂಗಡಿ ಇದ್ದ ಮನೆತನದವನು. ವಯಸ್ಸಿನಲ್ಲಿ ನನ್ನ ಓರಗೆ.

“ಇದು ಎಂಜಿನ್ ಗಾಲಿ ಅಲ್ಲೇನು? ನನ್ನ ಹತ್ರ ಭಾಳ ಅದಾವ. ಒಂದೂ ಓಡೂದಿಲ್ಲ,” ಎಂದ.

ಅವನು ಬೊಂಬಾಯಿಗೆ ಹೋದಾಗಲೆಲ್ಲ ಎಂಜಿನ್ನು ಕೊಂಡು ತರುತ್ತಿದ್ದ. ಗಾಜಿನ ಬೀರುವಿನ ತುಂಬ ಇದ್ದವಂತೆ. ಬೀರು ಇದ್ದದ್ದು ಒಳಗಿನ ಕೋಣೆಯಲ್ಲಿ. ಅದನ್ನು ನಾನು ನೋಡಲೇ ಇಲ್ಲ. ಅವನೇ ಒಂದೊಂದಾಗಿ ಎಂಜಿನ್ನುಗಳನ್ನು ಮನೆಯ ಹಿಂದಿನ ಶೇಂಗಾ ವಖಾರಿಗೆ ತರುತ್ತಿದ್ದ. ಅಲ್ಲಿ ಚೀಲಗಳ ನಡುವೆ ಜಾಗ ಬಿಡಿಸಿ ಕಬ್ಬಿಣದ ಪಟ್ಟಿಯ ಹಳಿ ಹಾಕಿದ್ದೆವು. ಎರಡು ವರ್ಷಕ್ಕೂ ಹೆಚ್ಚು ಕಾಲ ನನ್ನ ಭಾನುವಾರಗಳೆಲ್ಲ ಅಲ್ಲಿಯೇ ಕಳೆದವು. ಅವನು ನನ್ನನ್ನು ನೀನು ಎನ್ನುತ್ತಿದ್ದ, ನಾನು ಅವನನ್ನು ನೀವು ಎನ್ನುತ್ತಿದ್ದೆ. ಚಹಾ ಬಂದಾಗ ನನ್ನ ಲೋಟ ಗೋಡೆಯ ಸಂದಿಯಲ್ಲಿರುತ್ತಿತ್ತು. ತೆಗೆದುಕೊಂಡು, ಕುಡಿದು, ತೊಳೆದು ಅಲ್ಲಿಯೇ ಇಡುತ್ತಿದ್ದೆ. ಇದನ್ನು ನಾನು ಸ್ನೇಹ ಎಂದೇ ತಿಳಿದಿದ್ದೆ. ಇಡೀ ಊರಿನಲ್ಲಿ ಸಿಲಿಂಡರಿನ ಮಾತಾಡಲು ನನಗೆ ಅವನೊಬ್ಬನೇ ಇದ್ದ, ಅವನಿಗೆ ನಾನೊಬ್ಬನೇ.

ಅವನ ಎಂಜಿನ್ನುಗಳಲ್ಲೆಲ್ಲ ದೊಡ್ಡದೊಂದಿತ್ತು. ಪರದೇಶದ್ದು, ಎರಡೂ ಕೈ ಹಾಕಿ ಎತ್ತಬೇಕು. ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಒಂದು ಬೇಸಿಗೆಯೆಲ್ಲ ಅದರ ಮುಂದೆ ಕೂತೆ. ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದೆ, ಹೊಸ ಪಿಸ್ಟನ್ ಮಾಡಿದೆ, ಉಗಿ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ವಾಲ್ವ್ ಕೂಡಿಸಿದೆ, ಸೀಟಿ ಹಚ್ಚಿದೆ. ಮುಖವನ್ನೆಲ್ಲ ಬದಲಿಸಿ ನಮ್ಮ ರೈಲಿನದೇ ಮಾಡಿದೆ. ಅದು ಸೀಟಿ ಹೊಡೆದು ವಖಾರಿಯ ಹಳಿಯ ಮೇಲೆ ಸುತ್ತಿದಾಗ ಅವನು ನನ್ನ ಹೆಗಲು ಹಿಡಿದು ಅಲುಗಾಡಿಸಿದ. ಅವನು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಆ ವರ್ಷ ಅವನ ತಂಗಿಯ ನಿಶ್ಚಯ. ಹಡಗಲಿ, ಹರಪನಹಳ್ಳಿ ಕಡೆಯ ಬೀಗರೆಲ್ಲ ಬರುವವರಿದ್ದರು. ದೊಡ್ಡ ಎಂಜಿನ್ನನ್ನು ಪಡಸಾಲೆಯಲ್ಲಿ ಓಡಿಸಿ ತೋರಿಸಬೇಕೆಂದು ಅವನಿಗೆ ಆಸೆಯಾಯಿತು. ಆದರೆ ಬೆಂಕಿ, ಉಗಿ, ನೀರಿನ ಲೆಕ್ಕ ಅವನಿಗೆ ಬಗೆಹರಿಯುತ್ತಿರಲಿಲ್ಲ.

“ನೀ ಹಿತ್ತಲ ಬಾಗಲದಾಗ ನಿಂತು ಹೇಳು. ನಾ ಮಾಡ್ತೀನಿ,” ಎಂದ.

ನಾನು ಒಗೆದ ಅಂಗಿ ಹಾಕಿಕೊಂಡು ಹೋಗಿ ಹಿತ್ತಲ ಹೊಸ್ತಿಲಾಚೆ ನಿಂತೆ. ಒಳಗೆ ಪಡಸಾಲೆಯ ತುಂಬ ಜನ. ಹಳಿ ಜಮಖಾನೆಯ ಮೇಲೆ ದುಂಡಗೆ ಹರಡಿತ್ತು. ನಾನು ಅಲ್ಲಿಂದಲೇ ಮೆಲ್ಲಗೆ ಹೇಳುತ್ತಿದ್ದೆ: ಈಗ ದೀಪ ಹಚ್ಚಿರಿ, ಈಗ ತಡೀರಿ, ಈಗ ಹಿಡಿಕೆ ತಿರುವ್ರಿ. ಎಂಜಿನ್ನು ಓಡಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಹಿರಿಯರೊಬ್ಬರು ಇದನ್ನು ಯಾರು ಮಾಡಿದ್ದೆಂದು ಕೇಳಿದರು.

“ನಾನ ಮಾಡಿದ್ದು,” ಎಂದ ನನ್ನ ಗೆಳೆಯ.

ಅಷ್ಟಕ್ಕೇ ಮುಗಿದಿದ್ದರೆ ಅದೂ ನಡೆಯುತ್ತಿತ್ತು. ಆದರೆ ಆ ಹಿರಿಯರ ಕಣ್ಣು ಹಿತ್ತಲ ಬಾಗಿಲಿಗೆ ಹೊರಳಿತು. “ಮತ್ತ ಅಲ್ಲಿ ನಿಂತು ಹೇಳಿಕೊಡಾಕ ಹತ್ತ್ಯಾನಲ್ಲ, ಅವ ಯಾರ?”

“ಸ್ಟೇಷನ್ ಬೂದಿ ಬಳಿಯಾವನ ಮಗ ಅವ,” ಎಂದು ಊರಿನವರೊಬ್ಬರು ಹೇಳಿದರು.

ಗೆಳೆಯನ ತಾಯಿ ಎದ್ದು ನಿಂತರು. ಮಗನನ್ನು ಕೇಳಿದರು: “ಇದನ್ನ ಅವ ಮುಟ್ಟ್ಯಾನೇನು?”

ಅವನು ಹಳಿಯ ಪಕ್ಕದಿಂದ ಎದ್ದು ಹಿಂದೆ ಸರಿದ.

ಆಕೆ ಗದರಲೂ ಇಲ್ಲ. ಒಳಗೆ ಹೋಗಿ ತುಂಬಿದ ಕೊಡ ತಂದು, ಓಡುತ್ತಿದ್ದ ಎಂಜಿನ್ನಿನ ಮೇಲೆ ಸಾವಕಾಶವಾಗಿ, ಪೂಜೆಯ ಸಾಮಾನು ತೊಳೆದ ಹಾಗೆ, ಪೂರ್ತಿ ಸುರಿದರು. ಭುಸ್ಸೆಂದು ಉಗಿ ಎದ್ದಿತು. ಚೆಲ್ಲಿದ ಸ್ಪಿರಿಟ್ಟು ಜಮಖಾನೆಯ ಅಂಚಿನಲ್ಲಿ ನೀಲಿಯಾಗಿ ಹೊತ್ತಿ ಆರಿತು. ಕೆಂಪಗೆ ಕಾದ ತಟ್ಟೆ ಸೊಟ್ಟಗಾಯಿತು, ಬಾಯ್ಲರಿನ ಬೆಸುಗೆ ಟಣ್ ಎಂದು ಬಿಟ್ಟು ಎಂಜಿನ್ನು ಮಗ್ಗುಲಾಯಿತು. ಮಕ್ಕಳು ಹೆದರಿ ಕೂಗಿದವು, ಆಮೇಲೆ ನಕ್ಕವು. ಅವರ ನಗು ದೊಡ್ಡವರಿಗೂ ಹತ್ತಿತು. ನನ್ನ ಗೆಳೆಯನೂ ನಕ್ಕ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬೇಕಂತ ನಕ್ಕದ್ದಲ್ಲ. ನಿಜಕ್ಕೂ ನಗೆ ಬಂದಿತ್ತು ಅವನಿಗೆ.

ತಾಯಿ ಖಾಲಿ ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿ, “ತಮ್ಮಾ, ಹೋಳಿಗಿ ಮಾಡೀವಿ. ಹಿತ್ತಲದಾಗ ಹಾಕಿಸ್ತೀನಿ, ಉಂಡು ಹೋಗು,” ಎಂದರು. ದನಿಯಲ್ಲಿ ನಿಜವಾದ ಅಕ್ಕರೆ ಇತ್ತು. ನೀರು ಸುರಿದದ್ದಕ್ಕಿಂತ ಆ ಮಾತೇ ನನಗೆ ಇಂದಿಗೂ ಹೆಚ್ಚು ಉರಿಯುತ್ತದೆ.

ಸೋಮವಾರ ಸ್ಟೇಷನ್ನಿನಲ್ಲಿ ಅವನು ಎಂಜಿನ್ನನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟ.

“ಅವ್ವ ಹಳೇ ಕಾಲದಾಕಿ, ಮನಸಿಗೆ ಹಚ್ಕೋಬ್ಯಾಡ. ರಿಪೇರಿ ಮಾಡು. ಮದುವ್ಯಾಗ ಮತ್ತ ಓಡಸೂಣು.”

ನಾನು ಗಂಟು ಬಿಚ್ಚಿ ನೋಡಿದೆ. ಬೇಡ ಎನ್ನಬೇಕೆಂದುಕೊಂಡವನು ಬಾಯ್ಲರಿನ ಬಿರುಕಿನ ಮೇಲೆ ಬೆರಳಾಡಿಸಿದೆ. ಅದನ್ನು ಹಾಗೆ ಬಿಡಲು ನನ್ನಿಂದ ಆಗಲಿಲ್ಲ. ಮನೆಗೆ ಒಯ್ದು ಮತ್ತೆ ಬೆಸೆದೆ, ತಟ್ಟೆ ಬಡಿದು ನೆಟ್ಟಗೆ ಮಾಡಿದೆ. ಸಿದ್ಧವಾಗಿದೆ ಎಂದು ಹೇಳಿ ಕಳಿಸಿದಾಗ ಗಿರಣಿಯ ಆಳು ಬಂದ. ನಾನು ಕೊಡಲಿಲ್ಲ.

“ಅವರ ಬಂದು ಒಯ್ಯಲಿ,” ಎಂದೆ.

ಅವನು ಸಂಜೆ ಬುಲೆಟ್ಟಿನಲ್ಲಿ ಬಂದು ನಮ್ಮ ಕೇರಿಯ ತುದಿಯಲ್ಲಿ ನಿಂತ. ಗಾಡಿ ಆರಿಸಲಿಲ್ಲ. ನಾನು ಏಳುವುದರೊಳಗೆ ಅಪ್ಪ ಎದ್ದು ಹೋದ.

“ಒಳಗ ಬರ್ರಿ. ಮಗ ಒಲಿ ಹಚ್ಚ್ಯಾನ, ಒಂದು ಲೋಟ ಚಹಾ ಕುಡದು ನಿಮ್ಮ ಸಾಮಾನ ಒಯ್ಯಿರಿ.”

“ಇಲ್ಲೇ ತರಿಸು,” ಎಂದ ಅವನು.

“ಅದು ಒಳಗ ಐತಿ. ನೀವು ಬಂದ್ರ ಸಿಗತೈತಿ.”

ಅವನು ಅಪ್ಪನನ್ನು, ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿ ಗಾಡಿ ತಿರುಗಿಸಿದ. ಎಂಜಿನ್ನುಗಳ ಬಗ್ಗೆ ಒಳ್ಳೆಯ ಮಾತಾಡದ ಅಪ್ಪ ಅಂದು ಒಳಗೆ ಬಂದು ಆ ದೊಡ್ಡ ಎಂಜಿನ್ನಿನ ಚಿಮಣಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತ.

ವಾರ ಕಳೆಯುವುದರೊಳಗೆ ನಾನು ಕಳ್ಳನೆಂದು ಪೇಟೆಯಲ್ಲಿ ಸುದ್ದಿಯಾಯಿತು. ಅವನು ಪರಿಚಯದ ಪೊಲೀಸ್ ಜಮಾದಾರನೊಬ್ಬನನ್ನು, ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಈ ಸಲ ಮನೆಯೊಳಗೇ ಬಂದ. ದೊಡ್ಡ ಎಂಜಿನ್ನನ್ನು ತೋರಿಸಿದ. ಅದು ಅವನದೇ, ಒಯ್ಯಲಿ ಎಂದೆ. ಆಮೇಲೆ ಹಲಗೆಯ ಮೇಲಿನ ಸಾಲಿನತ್ತ ಬೆರಳು ಮಾಡಿದ.

“ಇದೂ ನಂದ. ಅದೂ. ಆ ಕಡೀದೂ.”

ಹೊಸಪೇಟೆಯ ಗುಜರಿಯಲ್ಲಿ ಸಿಕ್ಕ ನನ್ನ ಮೊದಲನೆಯದನ್ನೂ ತೋರಿಸಿದ. ಅದು ನನ್ನದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಕಥೆಯನ್ನು ರೈಲಿನಲ್ಲಿ ಎಷ್ಟೋ ಸಲ ನನ್ನಿಂದ ಹೇಳಿಸಿಕೊಂಡಿದ್ದ.

“ಇವು ನನ್ನವು ಸಾಹೇಬ್ರ,” ಎಂದೆ ಜಮಾದಾರನಿಗೆ.

“ಇಂಥಾವು ನಿನಗ ಎಲ್ಲಿಂದ ಬಂದಾವಲೇ?” ಎಂದ ಆತ. ಅದು ಪ್ರಶ್ನೆಯಾಗಿರಲಿಲ್ಲ. ಬಾಯಿ ತೆರೆದರೆ ನೌಕರಿಯ ಮೇಲೆ ಬರುತ್ತದೆಂದೂ ತಿಳಿಸಿದ. ಆಳುಗಳು ಎಲ್ಲವನ್ನೂ ಶೇಂಗಾ ಚೀಲಕ್ಕೆ ತುಂಬಿದರು. ಒಂದರ ಮೇಲೊಂದು ಬಿದ್ದ ಸದ್ದಿನಲ್ಲೇ ಯಾವುದರ ಚಿಮಣಿ ಮುರಿಯಿತು, ಯಾವುದರ ಗಾಲಿ ಬಗ್ಗಿತು ಎಂದು ನನಗೆ ತಿಳಿಯುತ್ತಿತ್ತು. ಹೋಗುವಾಗ ಗೆಳೆಯ ಬಾಗಿಲಲ್ಲಿ ನಿಂತು, “ಚಹಾಕ್ಕ ಕರೀದ ಇದ್ದಿದ್ರ ಇಷ್ಟು ಆಗ್ತಿದ್ದಿಲ್ಲ ಅಂತ ನಿಮ್ಮಪ್ಪಗ ಅನಸಾಕ ಹತ್ತೈತೇನೋ,” ಎಂದ. ಜಮಾದಾರ ನಕ್ಕ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಆ ಮಾತನ್ನು ಅವನು ಸಾಯುವ ತನಕ ಮರೆಯಲಿಲ್ಲ. ತನ್ನಿಂದಲೇ ನನ್ನ ಸಾಮಾನು ಹೋಯಿತೆಂದು ನಂಬಿದ್ದ. ಅಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ಹರಪನಹಳ್ಳಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಗೆ ರೈಲು ಇರಲಿಲ್ಲ, ಅದಕ್ಕೇ ಆ ಊರು ಕೇಳಿದ್ದೆ.

ಕೆಲವು ವರ್ಷಗಳ ಮೇಲೆ ನೀಲಗುಂದದ ಕಡೆ ಹೊರಟ ಬಸ್ಸಿನಲ್ಲಿ ಅವನು ಸಿಕ್ಕ. ತಲೆ ಬೋಳಾಗಿತ್ತು. ನನ್ನನ್ನು ಕಂಡು ಏನೂ ನಡೆದಿಲ್ಲವೆಂಬಂತೆ ಖುಷಿಪಟ್ಟ.

“ಆ ಎಂಜಿನ್ ಒಂದೂ ಓಡವಲ್ವು ನೋಡು. ದೊಡ್ಡದಂತೂ ಉಗಿ ಎಲ್ಲಾ ಬಿಡತೈತಿ. ಒಂದು ರಜಾಕ್ಕ ಬಂದು ಹೋಗು.”

ಅವನು ಪಕ್ಕದಲ್ಲಿದ್ದ ಅಪರಿಚಿತನತ್ತ ತಿರುಗಿ ನನ್ನನ್ನು ಪರಿಚಯಿಸಿದ: “ಮೊದ್ಲು ನಮ್ಮ ಮನ್ಯಾಗ ರಿಪೇರಿ ಕೆಲಸಕ್ಕ ಇದ್ದ. ಕೈ ಭಾಳ ಚಲೋ.”

ನಾನು ಕಂಡಕ್ಟರನಿಂದ ಸೀಟಿ ಹೊಡೆಸಿ ನಡುದಾರಿಯಲ್ಲೇ ಇಳಿದೆ. ನೆರಳಿಲ್ಲದ ಜಾಗ, ಸುತ್ತ ಜಾಲಿ. ಬಸ್ಸಿನ ಧೂಳು ಇಳಿಯುತ್ತಿತ್ತು. ಅವನಿಗೆ ಏನು ಅನ್ನಬೇಕಿತ್ತೆಂದು ಯೋಚಿಸಲು ಹೋದೆ. ತಲೆಯಲ್ಲಿ ಬಂದದ್ದು ಬೇರೆಯೇ: ಉಗಿ ಎಲ್ಲಿ ಸೋರುತ್ತಿರಬಹುದು, ಪಿಸ್ಟನ್ನಿನ ಸುತ್ತ ಸುತ್ತಿದ ದಾರ ಸವೆದಿರಬೇಕು, ಎಣ್ಣೆ ಕಾಣಿಸಿ ಎಷ್ಟು ಕಾಲವಾಯಿತೋ. ಆ ಯೋಚನೆಯನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ. ಮುಂದಿನ ಬಸ್ಸು ಬರುವವರೆಗೂ ಬಿಸಿಲಿನಲ್ಲಿ ನಿಂತು, ಮನಸ್ಸಿನೊಳಗೆ, ನಾನು ಅವನ ಎಂಜಿನ್ನನ್ನು ಬಿಚ್ಚುತ್ತಲೇ ಇದ್ದೆ.