ಸ್ವಚ್ಛ ಚಿತ್ರದಲ್ಲಿ ಇಲ್ಲದ ಫ್ಲೆಮಿಂಗೊಗಳು

ಗಾಳಿ ಆ ಶುಕ್ರವಾರ ಸಂಜೆಯೇ ತಿರುಗಿತ್ತೋ, ಅಥವಾ ಸತ್ತ ಹಕ್ಕಿಗಳನ್ನು ಕಂಡ ಮೇಲೆ ನಾನೇ ನೆನಪಿನಲ್ಲಿ ಅದನ್ನು ತಿರುಗಿಸಿಕೊಂಡೆನೋ, ಖಚಿತವಿಲ್ಲ. ಕೋವಿಡ್ ಕಳೆದ ಮರುವರ್ಷದ ಮೇ ಕೊನೆ ಎಂಬುದಷ್ಟೇ ನಿಜ. ಆಗ ನಾನು ಮುಂಬೈ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ಖಾಸಗಿ ಕಂಪನಿಯೊಂದರಲ್ಲಿ ರಡಾರ್ ವಿಶ್ಲೇಷಕ. ಕಟ್ಟಡದ ಗುತ್ತಿಗೆದಾರರಿಗೆ ಮಳೆಯ ಮುನ್ಸೂಚನೆ ಕೊಡುವುದು ನಮ್ಮ ಕೆಲಸ.

ರಡಾರಿಗೆ ಹನಿಯೂ ಕಾಣುತ್ತದೆ, ಕೀಟವೂ ಹಕ್ಕಿಯೂ ಕಾಣುತ್ತವೆ. ಗಿರಾಕಿಗೆ ಬೇಕಾದದ್ದು ಮಳೆ ಮಾತ್ರ. ಉಳಿದ ಪ್ರತಿಧ್ವನಿಗಳನ್ನು ಫಿಲ್ಟರ್‌ನಿಂದ ತೆಗೆದು, ಸ್ವಚ್ಛ ಚಿತ್ರ ಉಳಿಸಿಕೊಂಡು, ಮೂಲ ಡೇಟಾ ಅಳಿಸುವುದು ರೂಢಿ. ಹಕ್ಕಿಗಳಿಗೆ ನಮ್ಮ ಆಫೀಸಿನಲ್ಲಿದ್ದ ಹೆಸರು ‘ಕಚರಾ’, ಅಂದರೆ ಕಸ.

ಡೊಂಬಿವಲಿಯಲ್ಲಿ ನಮ್ಮ ನೆರೆಯವಳಾದ ಮೀನಾ ಐರೋಳಿಯಲ್ಲಿ ಶಿಕ್ಷಕಿ. ಅಲ್ಲಿನ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಉಪ್ಪುನೀರಿನಲ್ಲಿ ಬೀಡುಬಿಡುವ ಫ್ಲೆಮಿಂಗೊಗಳು ಮಳೆಗಾಲಕ್ಕೆ ಮುನ್ನ, ಹಿಂಬದಿಯ ಗಾಳಿ ಸಿಕ್ಕ ರಾತ್ರಿ, ಗುಜರಾತಿನತ್ತ ಹೊರಡುತ್ತವೆ. ಮೋಡ ಇಳಿದರೆ ಅವೂ ಕೆಳಗಿಳಿದು ಹಾರುತ್ತವೆ, ದೀಪಕ್ಕೆ ದಿಕ್ಕು ತಪ್ಪುತ್ತವೆ. ಖಾಡಿಯಂಚಿನ ವಸತಿ ಟವರಿನ ತಾರಸಿ ದೀಪ ಆರಿಸಲು ಮೀನಾ ತಿಂಗಳುಗಟ್ಟಲೆ ಅಲೆದಳು. ಅಲ್ಲಿನ ನಿವಾಸಿಗಳ ಸೊಸೈಟಿ ಒಂದೇ ಒಂದು ರಾತ್ರಿಗೆ ಒಪ್ಪಿತು. ಯಾವ ರಾತ್ರಿ ಎಂದು ಅವಳು ನನ್ನನ್ನು ಕೇಳಿದಳು.

ಗುರುವಾರ ಎಂದೆ. ದಕ್ಷಿಣದ ಗಾಳಿ, ತಿಳಿಯಾದ ಆಕಾಶ. ದೀಪ ಆರಿತು. ಫಿಲ್ಟರ್ ತೆಗೆದು ಬೆಳಗಿನ ತನಕ ನೋಡಿದೆ. ಏನೂ ಹೊರಡಲಿಲ್ಲ.

ಮೈಸೂರಿನವರಾದ ಸೊಸೈಟಿ ಕಾರ್ಯದರ್ಶಿ ಮೀನಾಗೆ ಹೇಳಿದರಂತೆ: “ಟೀಚರ್, ನಿಮ್ಮ ಹಕ್ಕಿಗಳು ನಮ್ಮ ಸ್ಲೋ ಲೋಕಲ್ ಟ್ರೇನ್ ಇದ್ದ ಹಾಗೆ. ಇಂಡಿಕೇಟರಿನಲ್ಲಿ ಬರ್ತವೆ, ಪ್ಲಾಟ್‌ಫಾರ್ಮಿಗೆ ಬರಲ್ಲ.”

ಶುಕ್ರವಾರ ಸಂಜೆ ಅವಳ ಫೋನು. “ಅಣ್ಣಾ, ಇವತ್ತು ಹೊರಟ್ರೆ ಎಂತ ಮಾಡುದು? ಇನ್ನೊಂದ್ಸಲ ಕಾಲು ಹಿಡೀಲಾ?”

ಸಮುದ್ರದ ಮೇಲೆ ಮೋಡ ಕಟ್ಟಿತ್ತು. “ಮಳೆ ಬರ್ತಿದೆ ಮೀನಾ. ಮಳೇಲಿ ಯಾರು ಪ್ರಯಾಣ ಹೊರಡ್ತಾರೆ?” ಎಂದೆ. ಅವಳು ಸೊಸೈಟಿಯನ್ನು ಕೇಳಲು ಹೋಗಲಿಲ್ಲ.

ಆ ರಾತ್ರಿ ಸ್ಕ್ರೀನಿನ ತುಂಬ ಮಳೆ. ಗುತ್ತಿಗೆದಾರರು ಕಾಯುತ್ತಿದ್ದರು, ಫಿಲ್ಟರ್ ಎಂದಿನಂತೆ ಓಡುತ್ತಿತ್ತು.

ಬೆಳಗ್ಗೆ ಟವರಿನ ಪಾರ್ಕಿಂಗಿನಲ್ಲಿ, ಕಾರುಗಳ ನಡುವೆ, ಫ್ಲೆಮಿಂಗೊಗಳು ಬಿದ್ದಿದ್ದವು. ನೆನೆದ ರೆಕ್ಕೆಗಳ ಗುಲಾಬಿ ಬಣ್ಣ ಮಣ್ಣಾಗಿತ್ತು. ಮೀನಾ ಅವನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಉದ್ದ ಕತ್ತುಗಳು ಒಳಗೆ ಹೋಗುತ್ತಿರಲಿಲ್ಲ, ಮಡಚಬೇಕಿತ್ತು. ಬೈಯಲಿಲ್ಲ. ತಲೆ ಎತ್ತದೆ ಒಂದೇ ಮಾತು ಕೇಳಿದಳು: “ರಡಾರಿನಲ್ಲಿ ಕಂಡಿತ್ತಾ?”

ಆಫೀಸಿಗೆ ಹೋಗಿ ನೋಡಿದೆ. ಮೂಲ ಡೇಟಾ ಅಳಿಸಿಹೋಗಿತ್ತು, ಉಳಿದಿದ್ದದ್ದು ಸ್ವಚ್ಛ ಚಿತ್ರ. ಮಳೆ, ಬರೀ ಮಳೆ.

ರಡಾರಿನ ಖಾಲಿ ತೆರೆ ಎಂದರೆ ಖಾಲಿ ಆಕಾಶವಲ್ಲ. ವೃತ್ತಿ ಕಲಿಸಿದ್ದು ಇಷ್ಟೇ, ಅದರಿಂದ ಯಾವ ಹಕ್ಕಿಗೂ ಉಪಯೋಗವಾಗಲಿಲ್ಲ. ಸೊಸೈಟಿ ಮತ್ತೆ ಒಪ್ಪಲಿಲ್ಲ, ದೀಪ ಈಗಲೂ ಉರಿಯುತ್ತದೆ. ಮಳೆಗೆ ಮೊದಲೇ ಹೊರಟಿದ್ದರೆ, ನಾನು ಫಿಲ್ಟರ್ ತೆಗೆದಿದ್ದರೆ, ಅವು ತೆರೆಯ ಮೇಲೆ ಸ್ವಲ್ಪ ಹೊತ್ತಾದರೂ ಕಾಣುತ್ತಿದ್ದವು, ಒಂದು ಫೋನ್ ಮಾಡುವಷ್ಟು ಹೊತ್ತು. ಮಳೆಯಲ್ಲೇ ಹೊರಟಿದ್ದರೆ ಮಳೆಯ ಪ್ರತಿಧ್ವನಿಯಲ್ಲಿ ಮುಚ್ಚಿಹೋಗಿ ಯಾರಿಗೂ ಕಾಣುತ್ತಿರಲಿಲ್ಲ. ಯಾವುದು ನಡೆಯಿತೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.