ಸೊಸೆಯನ್ನು ಅಳಿಸುವ ಗೆಡ್ಡೆ, ಅಳದ ಸತುರ್ನಿನಾ

ಬೆಳಗಿನ ಐದೂಕಾಲು. ಗುಡ್ಡಗಳ ನಡುವಿನ ಕುಸ್ಕೋ ಪಟ್ಟಣದ ಕಲ್ಲುಹಾಸಿನ ಮೇಲೆ ಇಬ್ಬನಿ ಇನ್ನೂ ಹೆಪ್ಪುಗಟ್ಟಿಕೊಂಡೇ ಇದೆ. 'ಷೆ ಒದೆತ್' ಎಂಬ ಫ್ರೆಂಚ್ ಹೋಟೆಲಿನ ಹಿಂಬಾಗಿಲಲ್ಲಿ ಸತುರ್ನಿನಾ ಚಂಪಿ ಮೂಟೆ ಬಿಚ್ಚುತ್ತಾರೆ. ಒಂದು ಆಲೂಗಡ್ಡೆ ಎತ್ತಿ ಮೂಸಿ ನೋಡಿ ಚಾಕು ಹಚ್ಚುತ್ತಾರೆ. ಸಿಪ್ಪೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಬರುತ್ತದೆ. ಗೆಡ್ಡೆಯೋ, ಮೈತುಂಬ ಗಂಟು. ಗಂಟು ಗಂಟಿನ ನಡುವೆ ಆಳವಾದ ಸಂದಿ.

ಇಲ್ಲಿನ ಗುಡ್ಡದ ಜನರ ಕೆಚುವಾ ಮಾತಿನಲ್ಲಿ ಇದನ್ನು 'ಸೊಸೆಯನ್ನು ಅಳಿಸುವುದು' ಎಂದೇ ಕರೆಯುತ್ತಾರೆ. ಮದುವೆಗೆ ಮುಂಚೆ ಹುಡುಗಿಯ ಕೈಗೆ ಇದನ್ನು ಕೊಟ್ಟು ಸುಲಿಯಲು ಹೇಳುವುದು ಗುಡ್ಡದ ಊರುಗಳ ಪದ್ಧತಿ. ಗಂಟು ಮುರಿಯಬಾರದು, ಸಿಪ್ಪೆಯ ಜೊತೆ ತಿರುಳು ಹೋಗಬಾರದು. ಹೋದರೆ ಹುಡುಗಿ ಮನೆ ತೂಗಿಸುವವಳಲ್ಲ ಎಂದು ಲೆಕ್ಕ. "ನಮ್ಮತ್ತೆ ಸಿಪ್ಪೆನ ಬೆಳಕಿಗೆ ಹಿಡಿದು ನೋಡಿದ್ರು. ಆ ಕಡೆ ಕಿಟಕಿ ಕಾಣ್ತು. 'ಹ್ಞೂಂ' ಅಂದ್ರು. ಸಾಯೋವರೆಗೂ ನನಗೆ ಅವರಿಂದ ಸಿಕ್ಕಿದ್ದು ಅದೊಂದೇ ಹೊಗಳಿಕೆ," ಎನ್ನುತ್ತಾರೆ ಸತುರ್ನಿನಾ.

ಆದರೆ ಇವತ್ತಿನ ಪರೀಕ್ಷೆ ಅತ್ತೆಯದಲ್ಲ. ಮೂಲೆಯಲ್ಲಿ ಹೊಸ ಸುಲಿಯುವ ಯಂತ್ರ ಕೂತಿದೆ. ಆರು ವಾರದ ಹಿಂದೆ ರಾಜಧಾನಿ ಲಿಮಾದಿಂದ ಬಂದ ಮುಖ್ಯ ಬಾಣಸಿಗ ರೆನಾತೋ ತರಿಸಿದ್ದು. ಇವತ್ತು ಯಂತ್ರ ಗೆದ್ದರೆ ಸತುರ್ನಿನಾಗೆ ಇದೇ ಕೊನೆಯ ಶನಿವಾರ. ಹಾಗೆಂದು ರೆನಾತೋ ಮುಖಕ್ಕೇ ಹೇಳಿದ್ದಾನೆ. ಮಾಲಕಿ ಮದಾಮ್ ಒದೆತ್ ಹ್ಞೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಸತುರ್ನಿನಾಗೆ ಐವತ್ತಮೂರು. ಗಂಡ ವಿಲ್ಬೆರ್ ಗಾರೆ ಕೆಲಸದವ. ಸಾರುವೆಯಿಂದ ಬಿದ್ದ ಮೇಲೆ ಅವನ ಬಲಗೈ ಭುಜದಿಂದ ಮೇಲೇಳುವುದಿಲ್ಲ. ಹನ್ನೊಂದು ವರ್ಷದಿಂದ ಆ ಮನೆ ನಡೆದಿರುವುದು ಈ ಚಾಕುವಿನಿಂದ. ಹೋಟೆಲಿಗೆ ಸೇರಿದ್ದು ಪಾತ್ರೆ ತೊಳೆಯಲು. ಒಂದು ಮಧ್ಯಾಹ್ನ ಕೆಲಸದವರ ಊಟಕ್ಕೆಂದು ಇದೇ ಗೆಡ್ಡೆ ಸುಲಿಯುತ್ತಿದ್ದುದನ್ನು ಮದಾಮ್ ನೋಡಿದರು. ಮರುವಾರವೇ ಅದು ಬೆಣ್ಣೆಯಲ್ಲಿ ಹೊರಳಿ, ಬಾತುಕೋಳಿಯ ಪಕ್ಕದಲ್ಲಿ ಕೂತು, ಬಿಳಿ ಮೇಜುಬಟ್ಟೆಗೆ ಬಂತು. ಈಗ ದಿನಕ್ಕೆ ಇಪ್ಪತ್ತೈದು ಕಿಲೋ, ಐದು ತಾಸು. ಮಧ್ಯಾಹ್ನ, ರಾತ್ರಿ ಸೇರಿ ನೂರಿಪ್ಪತ್ತು ತಟ್ಟೆ ಹೋದರೆ ತೊಂಬತ್ತರಲ್ಲಿ ಇದೇ ಇರುತ್ತದೆ. ಊರಿನ ವಕೀಲರು, ಮದುವೆಯ ದಿನ ಆಚರಿಸಲು ಬಂದ ಗಂಡಹೆಂಡಿರು, ಪರದೇಶದವರು, ಎಲ್ಲರೂ ಬಾಣಸಿಗನನ್ನು ಕರೆಸಿ ಕೈ ಕುಲುಕುತ್ತಾರೆ. ಹಿಂಬಾಗಿಲಿಗೆ ಒಬ್ಬರೂ ಬಂದಿಲ್ಲ. ಬರೆಯುತ್ತಿರುವ ನಾನೂ ಎಂಟು ವರ್ಷ ಅಲ್ಲಿ ಉಂಡೆದ್ದು ಹೋದವನೇ, ನಾಚಿಕೆಯಾಗುತ್ತದೆ.

ಏಳಕ್ಕೆ ತಕ್ಕಡಿ ಬರುತ್ತದೆ. ಇಬ್ಬರಿಗೂ ಹತ್ತತ್ತು ಕಿಲೋ. ರೆನಾತೋ ಗುಂಡಿ ಒತ್ತುತ್ತಾನೆ; ಯಂತ್ರ ಗಡಗಡ ಎಂದು ಮೂರೂವರೆ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಸತುರ್ನಿನಾ ತಲೆಯೆತ್ತುವುದಿಲ್ಲ. ಅವರದು ಮುಗಿಯುವಾಗ ಒಂಬತ್ತು.

"ಎರಡು ತಾಸು, ದೋನ್ಯಾ ಸತುರ್ನಿನಾ," ಎನ್ನುತ್ತಾನೆ ರೆನಾತೋ, ಗಡಿಯಾರ ತೋರಿಸಿ.

"ತೂಕ ಹಾಕಪ್ಪಾ. ಗಡಿಯಾರನ ಯಾರೂ ಬೇಯಿಸ್ಕೊಂಡು ತಿನ್ನಲ್ಲ."

ಸತುರ್ನಿನಾರದು ಒಂಬತ್ತು ಕಿಲೋ ಇನ್ನೂರು ಗ್ರಾಂ. ಯಂತ್ರದ್ದು ಐದಕ್ಕೂ ಕಡಿಮೆ. ಸಂದಿಯ ಸಿಪ್ಪೆ ತೆಗೆಯಲು ಹೋಗಿ ಅದು ಗಂಟುಗಳನ್ನೆಲ್ಲ ಅರೆದುಹಾಕಿದೆ. ಉಳಿದಿರುವುದು ಗೋಲಿ. ಮದಾಮ್ ಎರಡನ್ನೂ ಬೇಯಿಸಿ, ಬೆಣ್ಣೆಯಲ್ಲಿ ಹೊರಳಿಸಿ ಮೇಲೆ ಸಾಸ್ ಬಿಡುತ್ತಾರೆ. ಗೋಲಿಯ ಮೇಲಿನದು ಜಾರಿ ತಟ್ಟೆಗೆ ಬೀಳುತ್ತದೆ. ಗಂಟಿನ ಗೆಡ್ಡೆ ಅದನ್ನು ಸಂದಿಸಂದಿಯಲ್ಲೂ ಹಿಡಿದಿಟ್ಟುಕೊಳ್ಳುತ್ತದೆ. ಮದಾಮ್ ಗಂಟಿನದೊಂದನ್ನು ಬಾಯಿಗಿಟ್ಟು ಅಂಥದೇ ಇನ್ನೊಂದಕ್ಕೆ ಕೈ ಚಾಚುತ್ತಾರೆ. ಗೋಲಿ ಇದ್ದಲ್ಲೇ ಇರುತ್ತದೆ.

"ಯಂತ್ರದ್ದೇನೂ ತಪ್ಪಿಲ್ಲ. ಗೆಡ್ಡೇನೇ ಡೊಂಕು," ಎಂದು ರೆನಾತೋ ಗೊಣಗುತ್ತಾನೆ.

"ಕುಣಿಲಾರದವನು ನೆಲ ಡೊಂಕು ಅಂದನಂತೆ," ಎಂದು ಸತುರ್ನಿನಾ ಚಾಕುವಿನ ಹಿಡಿಯನ್ನು ಅವನ ಕಡೆ ತಿರುಗಿಸುತ್ತಾರೆ. "ತಗೋ, ಸುಲಿ."

ಹುಡುಗ ಪೊಗರಿನವನು, ಆದರೆ ಹೇಡಿಯಲ್ಲ. ತೆಗೆದುಕೊಳ್ಳುತ್ತಾನೆ. ಮೊದಲ ಗೀಟಿಗೇ ಗಂಟೊಂದು ಮುರಿದು ನೆಲಕ್ಕೆ ಹಾರುತ್ತದೆ. ಬಡಿಸುವ ರೊಸಾವ್ರಾ ನಗು ತಡೆಯಲಾರದೆ, "ಷೆಫ್, ನಮ್ಮೂರಲ್ಲಿ ನಿಮ್ಮನ್ನ ಯಾರೂ ಸೊಸೆ ಮಾಡ್ಕೊಳ್ತಿರಲಿಲ್ಲ ಬಿಡಿ," ಎನ್ನುತ್ತಾಳೆ. ರೆನಾತೋ ಕೂಡ ನಗುತ್ತಾನೆ. ಬಗ್ಗಿ ಆ ತುಂಡನ್ನು ಎತ್ತಿ, ತೊಳೆದು, ಸತುರ್ನಿನಾರ ಬುಟ್ಟಿಗೆ ಹಾಕುತ್ತಾನೆ. ಇಲ್ಲಿ ಗೆಡ್ಡೆ ಬಿಸಾಡಿದರೆ ಅದು ಅಳುತ್ತದೆ ಎನ್ನುತ್ತಾರೆ. ಲಿಮಾದವನಿಗೆ ಅದನ್ನು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಯಂತ್ರವನ್ನು ವಾಪಸ್ ಕಳಿಸಲೇ ಎಂದು ಮದಾಮ್ ಕೇಳುತ್ತಾರೆ. ಸತುರ್ನಿನಾ ಬೇಡವೆಂದು ತಲೆಯಾಡಿಸುತ್ತಾರೆ. "ಯಾಕೆ? ನುಣ್ಣಗಿರೋ ಗೆಡ್ಡೆ ಅದು ಸುಲೀಲಿ, ಸೂಪಿಗೆ ಆಗುತ್ತೆ. ಗಂಟಿಂದು ನನಗಿರ್ಲಿ."

ಭಯವಿರಲಿಲ್ಲವೇ ಎಂದು ನಾನು ಕೇಳುತ್ತೇನೆ. "ಇತ್ತು. ಆರು ವಾರ ಸರಿಯಾಗಿ ನಿದ್ದೆ ಮಾಡಿಲ್ಲ. ವಿಲ್ಬೆರ್‌ಗೆ ಹೇಳೂ ಇಲ್ಲ. ಆದ್ರೆ ಕೈಗೆ ಭಯ ಇರಲಿಲ್ಲ ನೋಡಿ. ಅದಕ್ಕೆ ತನ್ನ ಕೆಲಸ ಗೊತ್ತು."

ಹಾಗಾದರೆ ನಿನಗೇನು ಬೇಕು ಹೇಳು, ಎನ್ನುತ್ತಾರೆ ಮದಾಮ್. ಸತುರ್ನಿನಾ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, ಇಷ್ಟು ಹೊತ್ತು ಕೂತಿದ್ದ ಬಿಯರ್ ಬಾಟಲಿಯ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾರೆ.

"ಹನ್ನೊಂದು ವರ್ಷ ಇದರ ಮೇಲೇ ಕೂತಿದೀನಿ, ಮದಾಮ್. ಯಾವತ್ತು ಕೆಲಸದಿಂದ ಕಳಿಸಿಬಿಡ್ತೀರೋ ಅನ್ನೋ ಭಯಕ್ಕೆ ಏನೂ ಕೇಳೋಕೆ ಹೋಗಿರಲಿಲ್ಲ. ಬೆನ್ನಿರೋ ಒಂದು ಕುರ್ಚಿ ತರಿಸಿ. ಇನ್ಮೇಲೆ ಒರಗಿ ಕೂತ್ಕೊಳ್ತೀನಿ."