ಕಾರವಾರಕ್ಕೆ ಹೊರಟ ಖುಷಿ ಯಾರದು?

ಸಮುದ್ರ ನೋಡಬೇಕು ಅನ್ನಿಸಿದಾಗ ನಾನು ಅದನ್ನು ಯಾರಿಗೂ ಹೇಳದೆ ಒಂದು ವಾರ ಇಟ್ಟುಕೊಂಡೆ. ಆಸೆ ತಾನಾಗಿ ಬೆಳೆಯುತ್ತದೆಯೋ ಏನೋ ನೋಡಬೇಕಿತ್ತು. ನನಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ಇಳಿಯುವ ಕಾಯಿಲೆ, ಇದೆ ಎಂದು ಧಾರವಾಡದ ಡಾಕ್ಟರು ಹೇಳಿ ಕೆಲವು ವರ್ಷಗಳಾದವು. ಅಂದಿನಿಂದ ಮನಸ್ಸು ತುಸು ಹಗುರಾದಾಗಲೆಲ್ಲ ಇದು ನಾನೋ ಕಾಯಿಲೆಯೋ ಎಂದು ಕೇಳಿಕೊಳ್ಳುವುದು ರೂಢಿಯಾಗಿದೆ. ಹಳಿಯಾಳದಿಂದ ಕಾರವಾರ ಏನು ದೊಡ್ಡ ಪ್ರವಾಸವಲ್ಲ. ದಾಂಡೇಲಿ, ಜೋಯಿಡಾ, ಅಣಶಿ ದಾಟಿ ಘಟ್ಟ ಇಳಿದರೆ ಮುಗಿಯಿತು. ವಾರ ಕಳೆದ ಮೇಲೂ ಆಸೆ ಕಾರವಾರದಲ್ಲೇ ನಿಂತಿತ್ತು. ಗೋವಾ, ಮುಂಬೈ, ಹಡಗು ಎಂದು ಮುಂದೆ ಓಡಿರಲಿಲ್ಲ. ಆಮೇಲೆ ಗಂಡನಿಗೆ ಹೇಳಿದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕು ಅನ್ನುವ ದನಿಯಲ್ಲಿ ಹೇಳಿದೆ.

"ನಿಮ್ಮ ಪಾಳಿ ಬದಲಾಗೂದ್ರಾಗ ಕಾರವಾರಕ್ಕ ಹೋಗಿ ಬರೂಣೇನ್ರೀ?"

ಅವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಚಹಾದ ಕಪ್ಪು ಕೆಳಗಿಟ್ಟು, "ರಾತ್ರಿ ನಿದ್ದಿ ಹತ್ತಿತ್ತಲ್ಲ?" ಎಂದರು.

"ಹತ್ತಿತ್ತು. ನಿಮ್ಮ ಗೊರಕಿ ಸೈತ ಕೇಳಸಲಿಲ್ಲ ಅಂದ್ರ ನೀವ ತಿಳಕೋರಿ."

ನಕ್ಕರು. ಆದರೆ ನಗುವ ಮೊದಲು ನನ್ನ ಮುಖ ನೋಡಿದರು. ಮಾತಿಗೆ ಮಾತು ಥಟ್ಟನೆ ಬಂದರೂ ನಮ್ಮ ಮನೆಯಲ್ಲಿ ಅದನ್ನು ಒಮ್ಮೆ ತೂಗಿ ನೋಡುತ್ತಾರೆ.

ಅದಕ್ಕೆ ಕಾರಣವಿದೆ, ಅಥವಾ ಇದೆ ಎಂದು ಅವರು ಹೇಳುತ್ತಾರೆ. ಕಾಯಿಲೆಗೆ ಇನ್ನೂ ಹೆಸರಿಲ್ಲದ ಕಾಲದಲ್ಲಿ ನಾವು ಗೋವಾಕ್ಕೆ ಹೊರಟಿದ್ದೆವು. ಗೋವಾ ದಾರಿಯ ರಾಮನಗರದಲ್ಲಿ ಬಸ್ಸು ನಿಂತಾಗ ನಾನು ಇಳಿದು, ಗೋವಾಕ್ಕೆ ನಡೆದೇ ಹೋಗುತ್ತೇನೆಂದು ಹೊರಟೆನಂತೆ. ನನ್ನ ನೆನಪಿನಲ್ಲಿ ನಾನು ಚಹಾ ಕುಡಿಯಲು ಇಳಿದಿದ್ದೆ, ಅಂಗಡಿ ತುಸು ದೂರವಿತ್ತು, ಅಷ್ಟೆ. ಚಹಾದ ರುಚಿ ಕೂಡ ನೆನಪಿದೆ. ಆದರೆ ಆ ರುಚಿ ಅಂದಿನ ಚಹಾದ್ದೋ ಬೇರೆ ಯಾವತ್ತಿನದೋ ಯಾರಿಗೆ ಗೊತ್ತು. ಅವರ ಕಥೆಯೂ ಪ್ರತಿ ಸಲ ಒಂದೇ ತರಹ ಇರುವುದಿಲ್ಲ. ಒಮ್ಮೆ ಚಪ್ಪಲಿ ಹಾಕಿಕೊಂಡಿರುತ್ತೇನೆ, ಒಮ್ಮೆ ಇರುವುದಿಲ್ಲ.

ಡಾಕ್ಟರನ್ನು ಫೋನಿನಲ್ಲಿ ಕೇಳಿದೆವು. "ಆರಾಮ ಹೋಗಿ ಬರ್ರಿ" ಎಂದರು. ನಿದ್ದೆ ಕೆಡಬಾರದು, ಗುಳಿಗೆ ಕೈಚೀಲದಲ್ಲೇ ಇರಬೇಕು, ಬಿಸಿಲಿಗೆ ನೀರು ಕುಡಿಯುತ್ತಿರಬೇಕು, ಸೋಮವಾರವೆಂದು ಉಪವಾಸ ಮಾಡಬಾರದು. ನಿದ್ದೆ ಕಡಿಮೆಯಾಗಿ, ಮಾತು ಹೆಚ್ಚಾಗಿ, ಒಂದರ ಮೇಲೊಂದು ಕೆಲಸ ಹಚ್ಚಿಕೊಂಡರೆ ಮಾತ್ರ ಪ್ರವಾಸ ಮುಂದೂಡಿ ತಮ್ಮಲ್ಲಿಗೆ ಬರಬೇಕು. ಇದಕ್ಕೆ ಡಾಕ್ಟರು, ಗಂಡ, ನಾನು ಮೂವರೂ ಒಪ್ಪಿದೆವು. ನಸುಕಿನ ಬಸ್ಸನ್ನು ಬಿಟ್ಟು ಬಿಸಿಲೇರಿದ ಮೇಲಿನ ಬಸ್ಸು ಹಿಡಿಯುವುದು ಎಂದಾಯಿತು.

ಅವತ್ತಿನಿಂದ ಮುಂಡಗೋಡದ ನಾದಿನಿ ದಿನಾ ಬೆಳಿಗ್ಗೆ ಫೋನು ಮಾಡತೊಡಗಿದಳು. ಮೊದಲೆಲ್ಲ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದವಳು. "ವೈನಿ, ಏನ ಮಾಡಾಕತ್ತೀರಿ?" ಎಂದು ಕೇಳಿ ನನ್ನ ಉತ್ತರಕ್ಕಿಂತ ಹೆಚ್ಚಾಗಿ ಅದರ ವೇಗವನ್ನು ಕೇಳುತ್ತಿದ್ದಳು ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸಿದ್ದು ನಿಜವೇ ಎಂದು ಹೇಳಲಾರೆ. ಅನುಮಾನಪಡುವುದೂ ಈ ಕಾಯಿಲೆಯ ಒಂದು ಗುಣ ಎಂದು ಎಲ್ಲೋ ಓದಿದ್ದೇನೆ. ಓದಿದವರಿಗೆ ಇದೊಂದು ಕಷ್ಟ.

ಹೊರಡುವ ಹಿಂದಿನ ದಿನ ಬುತ್ತಿಗೆಂದು ಜೋಳದ ರೊಟ್ಟಿ ಬಡಿದೆ. ಶೇಂಗಾ ಚಟ್ನಿ ಆಗಲೇ ಆಗಿತ್ತು. ರೊಟ್ಟಿಗಳನ್ನು ಬುಟ್ಟಿಯಲ್ಲಿಟ್ಟು, ಮೇಲೆ ಅರಿವೆ ಮುಚ್ಚಿ, ಮಧ್ಯಾಹ್ನ ಮಲಗಿದೆ. ಗಾಢವಾಗಿ ನಿದ್ದೆ ಬಂತು. ಎದ್ದು ಬರುವಾಗ ಅವರು ಮೊದಲ ಪಾಳಿ ಮುಗಿಸಿ ಬಂದು ಅಡುಗೆಮನೆಯಲ್ಲಿ ನಿಂತಿದ್ದರು. ಅರಿವೆ ತೆಗೆದಿತ್ತು. ಬುಟ್ಟಿಯ ತುಂಬ, ಬುಟ್ಟಿಯ ಅಂಚಿಗಿಂತ ಮೇಲಕ್ಕೆ, ರೊಟ್ಟಿ.

"ಇಷ್ಟ್ಯಾಕ ಬಡದಿ?" ಎಂದರು. ಮೆತ್ತಗೆ ಕೇಳಿದರು. ಅವರು ಮೆತ್ತಗಾದಾಗಲೇ ನನಗೆ ಹೆದರಿಕೆ.

ನಾನು ಇಷ್ಟು ಬಡಿದಿರಲಿಲ್ಲ. ಆದರೆ ನನ್ನ ನೆನಪಿನ ಪ್ರಕಾರ ರಾಮನಗರದಲ್ಲೂ ನಾನು ನಡೆದಿರಲಿಲ್ಲವಲ್ಲ. ಬುಟ್ಟಿಯ ಹತ್ತಿರ ಹೋಗಿ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ನನ್ನ ರೊಟ್ಟಿಯ ಅಂಚು ಸೀಳುತ್ತದೆ. ಮದುವೆಯಾದಾಗಿನಿಂದ ಅತ್ತೆ ಅದನ್ನು ಆಡಿಕೊಳ್ಳುತ್ತಾರೆ. ಕೆಳಗಿನವು ಸೀಳಿದ್ದವು. ಮೇಲಿನವು ತೆಳ್ಳಗೆ, ದುಂಡಗೆ, ಒಂದು ಬಿರುಕೂ ಇಲ್ಲ. ಇವು ನನ್ನವಲ್ಲ ಎಂದು ಒಂದು ಗಳಿಗೆ ಜೀವ ಬಂದಂತಾಯಿತು. ಮರುಗಳಿಗೆಗೆ ಇನ್ನೊಂದು ವಿಚಾರ ಬಂತು. ಮನಸ್ಸು ಏರಿದಾಗ ನನ್ನ ಕೈ ಎಂದಿಗಿಂತ ಚೆನ್ನಾಗಿ ಆಡುತ್ತದೆ. ಆಗ ಹಾಕಿದ ರಂಗೋಲಿಯನ್ನು ಓಣಿಯವರು ನಿಂತು ನೋಡುತ್ತಿದ್ದರು. ಹಾಗಾದರೆ ರೊಟ್ಟಿ ಇಷ್ಟು ಚೆಂದವಿರುವುದೇ ಕೆಟ್ಟ ಸುದ್ದಿಯಲ್ಲವೆ?

ಹಿಟ್ಟಿನ ಡಬ್ಬಿ ತೆರೆದೆ. ಮುಂಜಾನೆ ಎಷ್ಟಿತ್ತು ಎಂಬುದೇ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ ಅವರ ದನಿ ಕೇಳಿಸಿತು. ತಂಗಿಗೆ ಫೋನು ಮಾಡಿದ್ದರು.

"ನಾಳೆ ಹೋಗೂದ ಬ್ಯಾಡ ಅನಸ್ತದ. ಮತ್ತ ಸುರು ಆಗೇತಿ ಕಾಣ್ತದ."

ನಾನು ಒಲೆಯ ಕಟ್ಟೆಗೆ ಆನಿಕೊಂಡು ನಿಂತೆ. ಹೋಗಿ ವಾದಿಸಿದರೆ ದನಿ ಏರುತ್ತದೆ, ಏರಿದ ದನಿಯೇ ಅವರಿಗೆ ಸಾಕ್ಷಿ. ಸುಮ್ಮನಿದ್ದರೆ ಕಾರವಾರ ಹೋಯಿತು. ಕಾರವಾರ ಹೋದರೆ ಹೋಗಲಿ. ಇನ್ನು ಮುಂದೆ ನನಗೆ ಏನು ಬೇಕೆನ್ನಿಸಿದರೂ ಯಾರೋ ಒಬ್ಬರು ಹಿತ್ತಲಿಗೆ ಹೋಗಿ ಫೋನು ಮಾಡುತ್ತಾರೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿತ್ತು.

ಅತ್ತೆ ಅಷ್ಟೊತ್ತಿಗೆ ಗುಡಿಯಿಂದ ಬಂದರು. ಬುಟ್ಟಿ ನೋಡಿ, "ಮಗ್ಗಲ ಮನಿಯಾಕಿ ತಂದ ಇಟ್ಟಾಳಲ್ಲ? ನೀ ಮಲಗಿದ್ದಿ, ಅದಕ್ಕ ಎಬಸಲಿಲ್ಲ ಅಂತ ಗುಡ್ಯಾಗ ಸಿಕ್ಕಾಗ ಹೇಳಿದ್ಳು. ಎದುರ ಮನಿಯಾಕಿನೂ ಕೊಟ್ಟಾಳ" ಎಂದರು.

ದೂರ ಹೊರಟವರ ಬುತ್ತಿಗೆ ನೆರೆಮನೆಯವರು ನಾಲ್ಕು ರೊಟ್ಟಿ ಸೇರಿಸುವುದು ಈ ಓಣಿಯ ಪದ್ಧತಿ. ನಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೊರಡದೆ ಎಷ್ಟೋ ವರ್ಷವಾಗಿ ನಾವಿಬ್ಬರೂ ಅದನ್ನು ಮರೆತಿದ್ದೆವು.

ಅವರು ಹಿತ್ತಲಿನಿಂದ ಒಳಗೆ ಬಂದು ಕೇಳಿಸಿಕೊಂಡರು. ಅತ್ತೆಗೆ ಅವರ ಮುಖ ನೋಡಿಯೇ ತಿಳಿಯಿತು. "ಕಾರ್ಖಾನ್ಯಾಗ ಕಾಗದ ಎಣಿಸಿ ಸಾಲದಾತೇನಪಾ, ಮನ್ಯಾಗ ರೊಟ್ಟಿ ಎಣಸಾಕ ಕುಂತಿ?" ಎಂದು ಕೈಕಾಲು ತೊಳೆಯಲು ಹೋದರು.

ನಾನು ನಗಲಿಲ್ಲ. ಅವರೂ ನಗಲಿಲ್ಲ.

"ಮುಂದಿನ ತಿಂಗಳ ಹೋಗೂಣು. ಬಿಸಲೂ ಕಡಿಮಿ ಆಗ್ತದ" ಎಂದರು.

"ಡಾಕ್ಟರ ಮುಂದ ಒಪ್ಪಿದ್ದರಾಗ ರೊಟ್ಟಿ ಇರಲಿಲ್ಲರೀ" ಎಂದೆ. "ನಿನ್ನೆ ಮಲಗೀನಿ, ಇವತ್ತೂ ಮಲಗೀನಿ. ಹೆಚ್ಚು ಮಾತಾಡೀನೇನು? ಏನರ ಹೊಸಾ ಕೆಲಸ ಹಚಗೊಂಡೀನೇನು? ನೀವು ಕಂಡದ್ದ ಹೇಳ್ರಿ. ಕಂಡಿದ್ರ ನಾನ ಧಾರವಾಡಕ್ಕ ಬರ್ತೇನಿ."

ಅವರು ಅರಿವೆಯನ್ನು ಮತ್ತೆ ಬುಟ್ಟಿಯ ಮೇಲೆ ಮುಚ್ಚಿದರು. "ಏನೂ ಕಂಡಿಲ್ಲ" ಎಂದರು. ಆಮೇಲೆ, "ನನಗ ಅಂಜಿಕಿ ಆಗ್ತದ" ಎಂದರು.

ಇಷ್ಟು ವರ್ಷಗಳಲ್ಲಿ ಅವರು ನನ್ನ ನಿದ್ದೆ ಕೇಳಿದ್ದರು, ಗುಳಿಗೆ ಕೇಳಿದ್ದರು. ತಮ್ಮದೇನು ಎಂದು ಹೇಳಿದ್ದು ಇದೇ ಮೊದಲು ಎಂದು ನನ್ನ ನೆನಪು. ನೆನಪನ್ನು ನಂಬಬಾರದು, ಆದರೂ ಬರೆದಿಡುತ್ತೇನೆ.

"ನನಗೂ ಆಗ್ತದ" ಎಂದೆ.

ಅವರು ತಂಗಿಗೆ ಮತ್ತೆ ಫೋನು ಹಚ್ಚಿದರು. ಈ ಸಲ ನನ್ನ ಎದುರೇ. "ಹೊಂಟೀವಿ" ಎಂದರು. ಆಚೆಯಿಂದ ಅವಳು ಏನೋ ಬಹಳ ಹೊತ್ತು ಹೇಳಿದಳು. "ಹೂಂ, ಹೂಂ, ನೋಡ್ಕೋತೇನಿ" ಎಂದರು.

ಮರುದಿನ ಹೊರಟೆವು. ಜೋಯಿಡಾ ದಾಟಿದ ಮೇಲೆ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಅವರು ಮತ್ತೆ ಮತ್ತೆ ತೆಗೆದು ನೋಡಿ ಜೇಬಿಗೆ ಹಾಕಿಕೊಂಡರು. ಅಣಶಿಯಲ್ಲಿ ಕಾಡು ತಂಪಾಗಿತ್ತು. ನಾನು ಕಿಟಕಿಯಿಂದ ಹೊರಗೆ ನೋಡಿದಾಗಲೆಲ್ಲ ಅವರು ನನ್ನ ಕಡೆ ನೋಡುತ್ತಿದ್ದರು. ಘಟ್ಟದ ಚೆಲುವನ್ನು ಅವರು ಕಂಡದ್ದು ಅನುಮಾನ.

ಕಾರವಾರದಲ್ಲಿ ಊಟವಾದ ಮೇಲೆ ದಂಡೆಯ ಮರಗಳ ನೆರಳಿನಲ್ಲಿ ಮಲಗಿದೆ. ಎಚ್ಚರವಾದಾಗ ಪಕ್ಕದಲ್ಲಿ ಅವರ ಚಪ್ಪಲಿ ಮಾತ್ರ ಇತ್ತು. ಎದ್ದು ಕುಳಿತು ಹುಡುಕಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನೀರಿನಲ್ಲಿ ನಿಂತಿದ್ದರು, ನನಗೆ ಬೆನ್ನು ಮಾಡಿ. ತೆರೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಅದು ಹೋದ ಮೇಲೆ ಮತ್ತೆ ಮುಂದೆ ಹೋಗುತ್ತಿದ್ದರು. ಅಲ್ಲಿಯವರೆಗೆ ನನ್ನನ್ನೇ ಕಾಯುತ್ತಿದ್ದು, ನಾನು ಎದ್ದದ್ದು ನೋಡಿ ಆಗಷ್ಟೇ ಅತ್ತ ತಿರುಗಿದ್ದರೋ, ನಾನು ಮಲಗಿದಾಗಿನಿಂದ ಸಮುದ್ರವನ್ನೇ ನೋಡುತ್ತಿದ್ದರೋ ತಿಳಿಯಲಿಲ್ಲ. ಬಾಟಲಿಯಿಂದ ನೀರು ಕುಡಿದು, ಅವರು ತಿರುಗುತ್ತಾರೋ ಏನೋ ಎಂದು ನೋಡುತ್ತ ಕುಳಿತೆ.